ಸಂಪರ್ಕ ಎಣಿಸಿದರೆ ಸಾಕೇ, ನೀರು ಅಳೆಯಬೇಡವೇ?

ಪ್ರಶ್ನೆ: ರಾಷ್ಟ್ರೀಯ ಜಲನೀತಿ ಫಲ ಕೊಡುತ್ತಿದೆಯೇ ಎಂದು ಮಂಗಳೂರಿನವರು ತಿಳಿಯುವುದು ಹೇಗೆ?

ಉತ್ತರ: ಮಂಗಳೂರಿಗೆ ನೀರುಣಿಸುವ, ನೇತ್ರಾವತಿ ನದಿಯ ತುಂಬೆ ಅಣೆಕಟ್ಟೆಯ ಮೇ ತಿಂಗಳ ನೀರಿನ ಮಟ್ಟ ನೋಡಿ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಊರಿನಲ್ಲೇ 2016 ಮತ್ತು 2019ರ ಬೇಸಿಗೆಗಳಲ್ಲಿ ನೇತ್ರಾವತಿಯ ಹರಿವು ಸೊರಗಿ, ನೀರನ್ನು ಸರದಿಯಲ್ಲಿ ಬಿಡಬೇಕಾಯಿತು. ಬಳಕೆಯನ್ನು ಅಳೆದು ಲೆಕ್ಕವಿಡಬೇಕೆಂದು 2012ರ ಜಲನೀತಿಯೇ ಹೇಳುತ್ತದೆ. ಆದರೆ ಹಾಕಿದ ಪೈಪು, ಕೊಟ್ಟ ಸಂಪರ್ಕ, ಖರ್ಚಾದ ಹಣ ಇವೆಲ್ಲ ಕೆಲಸದ ಲೆಕ್ಕ, ಫಲದ ಲೆಕ್ಕವಲ್ಲ. ಮಳೆ ಕೈಕೊಟ್ಟ ವರ್ಷ ನೀತಿಯನ್ನು ದೂರುವುದು ನ್ಯಾಯವೇ ಎಂದು ಕೇಳಬಹುದು. ನ್ಯಾಯವಲ್ಲ. ಅದಕ್ಕೆಂದೇ ಹತ್ತಾರು ವರ್ಷಗಳ ಮೇ ಮಟ್ಟವನ್ನು ಆಯಾ ವರ್ಷದ ಮಳೆ, ಪೈಪುಗಳ ಸೋರಿಕೆ, ಬಾವಿಗಳ ಮಟ್ಟದ ಜೊತೆಗಿಟ್ಟು ಹೋಲಿಸಬೇಕು. ಮಳೆ ಅಷ್ಟೇ ಬಿದ್ದೂ ಬೇಸಿಗೆಯ ಕೊರತೆ ತಗ್ಗಿದರೆ ಮಾತ್ರ ನೀತಿ ಗೆದ್ದಂತೆ.