ಅರಳುಮರಳೂ ಮನೆಯ ಆರೈಕೆಯೂ

೧

ಅರವತ್ತಕ್ಕೆ ಅರಳುಮರಳು ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಮುಪ್ಪಿನಲ್ಲಿ ನೆನಪು ಕುಂದುವುದು, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು, ಉಂಡುದನ್ನು ಮರೆತು ಊಟಕ್ಕೆ ಕಾಯುವುದು, ಹೆತ್ತ ಮಕ್ಕಳನ್ನೇ ಯಾರೆಂದು ವಿಚಾರಿಸುವುದು, ಇವೆಲ್ಲವನ್ನೂ ನಮ್ಮ ಜನ ಈ ಒಂದು ಮಾತಿನಲ್ಲಿ ಅಡಕಮಾಡಿ, ವಯೋಧರ್ಮವೆಂದು ಸಮಾಧಾನ ತಂದುಕೊಂಡಿದ್ದಾರೆ. ಹಿಂದಿಯಲ್ಲಿಯೂ ಇಂಥದೇ ಮಾತೊಂದುಂಟು. ಅರವತ್ತು ಎಂಬರ್ಥದ ‘ಸಾಠ್’ ಶಬ್ದದಿಂದ ‘ಸಠಿಯಾನಾ’ ಎಂಬ ಕ್ರಿಯಾಪದ ಹುಟ್ಟಿದೆ. ಅರವತ್ತಾಗಿ ಬುದ್ಧಿ ಕೆಡುವುದು ಎಂದು ಅದರ ತಾತ್ಪರ್ಯ. ಬೇರೆ ಬೇರೆ ಭಾಷಾಕುಲಗಳಿಗೆ ಸೇರಿದ ಎರಡು ನುಡಿಗಳು ಒಂದೇ ವಯಸ್ಸನ್ನು ಹಿಡಿದು ಒಂದೇ ಅನುಭವವನ್ನು ಹೇಳುತ್ತಿರುವುದನ್ನು ನೋಡಿದರೆ, ಈ ಸ್ಥಿತಿ ನಮ್ಮ ದೇಶಕ್ಕೆ ಹೊಸದಲ್ಲವೆಂಬುದು ಸ್ಪಷ್ಟವಾಗುತ್ತದೆ.

ಆದರೆ ಗಾದೆ ಹೇಳುವ ಕಾರಣವನ್ನು ನಾವು ಒಪ್ಪಬೇಕಾಗಿಲ್ಲ. ರಾಷ್ಟ್ರವ್ಯಾಪಿಯಾಗಿ ನಡೆದು ೨೦೨೩ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರ ಮೇರೆಗೆ, ಭಾರತದಲ್ಲಿ ಅರವತ್ತು ಮತ್ತು ಅದಕ್ಕೂ ಹೆಚ್ಚು ವಯಸ್ಸಾದವರಲ್ಲಿ ಡಿಮೆನ್ಷಿಯಕ್ಕೆ ಒಳಗಾದವರು ನೂರಕ್ಕೆ ೭.೪ ಮಂದಿ, ಒಟ್ಟು ಸಂಖ್ಯೆ ಸುಮಾರು ೮೮ ಲಕ್ಷ. ಗಂಡಸರಿಗಿಂತ ಹೆಂಗಸರಲ್ಲಿಯೂ, ಪಟ್ಟಣಗಳಿಗಿಂತ ಹಳ್ಳಿಗಳಲ್ಲಿಯೂ ಈ ಪ್ರಮಾಣ ಅಧಿಕವಾಗಿದೆ. ನೂರರಲ್ಲಿ ತೊಂಬತ್ತೆರಡಕ್ಕೂ ಹೆಚ್ಚು ಮಂದಿಗೆ ಬಾರದುದನ್ನು ವಯೋಧರ್ಮವೆಂದು ಕರೆಯುವುದು ಹೇಗೆ? ಅದು ರೋಗವೇ ಸರಿ. ಹೀಗೆ ರೋಗಕ್ಕೆ ಒಳಗಾದವರಲ್ಲಿ ಬಹುಪಾಲು ಜನ ಇರುವುದು ಆಸ್ಪತ್ರೆಗಳಲ್ಲಲ್ಲ, ತಮ್ಮ ತಮ್ಮ ಮನೆಗಳಲ್ಲಿ. ಆದುದರಿಂದ ಈ ರೋಗದ ಚರಿತ್ರೆಯೆಂದರೆ ಬಹುಮಟ್ಟಿಗೆ ಮನೆಯ ಚರಿತ್ರೆಯೇ ಆಗಿದೆ. ಆ ಚರಿತ್ರೆಯ ಕೆಲವು ಘಟ್ಟಗಳನ್ನು ನಿರೂಪಿಸಿ, ಮನೆಯ ಆರೈಕೆಗೆ ಯಾವ ಬಗೆಯ ಆಸರೆ ಬೇಕೆಂಬುದನ್ನು ವಿಚಾರಮಾಡುವುದು ಪ್ರಕೃತ ಲೇಖನದ ಉದ್ದೇಶ.

೨

ಡಿಮೆನ್ಷಿಯವೆಂಬುದು ಒಂದೇ ರೋಗದ ಹೆಸರಲ್ಲ. ನೆನಪು, ಮಾತು, ವಿವೇಚನೆ, ದಿನನಿತ್ಯದ ಕೆಲಸಗಳನ್ನು ನಿರ್ವಹಿಸುವ ಶಕ್ತಿ ಇವು ಕ್ರಮೇಣ ಕುಗ್ಗುವ ಲಕ್ಷಣಸಮೂಹದ ಹೆಸರು. ಇದಕ್ಕೆ ಕಾರಣವಾಗುವ ರೋಗಗಳಲ್ಲಿ ಆಲ್ಝೈಮರ್ ರೋಗ ಮುಖ್ಯವಾದುದು. ಮಿದುಳಿನ ರಕ್ತನಾಳಗಳ ಕೆಡುಕಿನಿಂದ ಬರುವುದು ಇನ್ನೊಂದು ಬಗೆ. ಥೈರಾಯ್ಡ್ ಗ್ರಂಥಿಯ ದೌರ್ಬಲ್ಯ, ಬಿ-೧೨ ಜೀವಸತ್ವದ ಕೊರತೆ, ಖಿನ್ನತೆ ಮೊದಲಾದ ಕಾರಣಗಳಿಂದಲೂ ಇಂಥವೇ ಚಿಹ್ನೆಗಳು ಕಾಣಿಸಿಕೊಳ್ಳಬಹುದು. ಇವು ಚಿಕಿತ್ಸೆಗೆ ಬಗ್ಗುವಂಥವು. ಹೀಗಿರುವಲ್ಲಿ, ಅರಳುಮರಳೆಂದು ಕೈಚೆಲ್ಲಿ ಕೂಡುವ ಮೊದಲು ವೈದ್ಯರ ಪರೀಕ್ಷೆ ಮಾಡಿಸುವುದು ಅವಶ್ಯಕ. ಗಾದೆಯನ್ನು ನಂಬಿ ಸುಮ್ಮನಿದ್ದುದರಿಂದ ವಾಸಿಯಾಗಬಹುದಾದವರೂ ವಾಸಿಯಾಗದೆ ಉಳಿಯಬಹುದೆಂಬುದನ್ನು ಮರೆಯಬಾರದು.

೧೯೦೧ರ ನವೆಂಬರ್ ತಿಂಗಳಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಮಾನಸಿಕ ಚಿಕಿತ್ಸಾಲಯಕ್ಕೆ ಆಗುಸ್ಟೆ ಡೇಟರ್ ಎಂಬ ೫೧ ವರ್ಷದ ಗೃಹಿಣಿಯನ್ನು ಸೇರಿಸಲಾಯಿತು. ಆಕೆಯನ್ನು ಪರೀಕ್ಷಿಸಿದ ವೈದ್ಯನೇ ಆಲೋಯಿಸ್ ಆಲ್ಝೈಮರ್. ೧೯೦೬ರ ಏಪ್ರಿಲ್‌ನಲ್ಲಿ ಆಕೆ ತೀರಿಕೊಂಡಳು. ಆಕೆಯ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅಲ್ಲಿ ಕಂಡ ವಿಲಕ್ಷಣ ಮಾರ್ಪಾಟುಗಳನ್ನು ಆತ ಅದೇ ವರ್ಷ ನವೆಂಬರ್ ೩ರಂದು ಟ್ಯೂಬಿಂಗನ್ ನಗರದ ಸಭೆಯೊಂದರಲ್ಲಿ ವರದಿಮಾಡಿದನು. ೧೯೧೦ರಲ್ಲಿ ಎಮಿಲ್ ಕ್ರೇಪೆಲಿನ್ ತನ್ನ ಪಠ್ಯಗ್ರಂಥದಲ್ಲಿ ಈ ರೋಗಕ್ಕೆ ಆಲ್ಝೈಮರನ ಹೆಸರನ್ನಿಟ್ಟನು. ಆಗುಸ್ಟೆಯ ಮೂಲ ಕಡತ ಬಹುಕಾಲ ಕಣ್ಮರೆಯಾಗಿದ್ದು ೧೯೯೫ರಲ್ಲಿ ಫ್ರಾಂಕ್‌ಫರ್ಟಿನಲ್ಲಿಯೇ ಮತ್ತೆ ದೊರೆಯಿತು.

ಈ ವೃತ್ತಾಂತದಲ್ಲಿ ವೈದ್ಯಶಾಸ್ತ್ರದ ಇತಿಹಾಸಕಾರರು ಸಾಮಾನ್ಯವಾಗಿ ಮಿದುಳಿನ ಮೇಲೆ ದೃಷ್ಟಿಯಿಡುತ್ತಾರೆ. ನಾವು ಗಮನಿಸಬೇಕಾದುದು ಬೇರೊಂದಿದೆ. ಆಗುಸ್ಟೆ ಗಂಡನ ಮೇಲೆ ಸಂಶಯಪಟ್ಟಳು, ಸ್ವಂತ ಮನೆಯೊಳಗೇ ದಾರಿ ತಪ್ಪಿದಳು, ವಸ್ತುಗಳನ್ನು ಎಳೆದಾಡಿ ಬಚ್ಚಿಟ್ಟಳು ಎಂದು ಆಲ್ಝೈಮರನ ವರದಿ ಹೇಳುತ್ತದೆ. ಎಂದರೆ ರೋಗ ಮೊದಲು ಕಂಡದ್ದು ವೈದ್ಯನಿಗಲ್ಲ, ಮನೆಯವರಿಗೆ. ಆಸ್ಪತ್ರೆಯ ಕಡತ ಆರಂಭವಾಗುವುದಕ್ಕೆ ಮುಂಚೆ ಮನೆಯಲ್ಲಿ ನಡೆದ ಆರೈಕೆಗೆ ಮಾತ್ರ ಕಡತವಿಲ್ಲ. ಅನಂತರದ ದಶಕಗಳಲ್ಲಿ ಈ ರೋಗ ನಡುವಯಸ್ಸಿನವರಿಗೆ ಅಪರೂಪವಾಗಿ ಬರತಕ್ಕದ್ದೆಂಬ ಅಭಿಪ್ರಾಯವೇ ಪ್ರಬಲವಾಗಿತ್ತು. ಮುದುಕರ ಮರೆವೂ ಇದೂ ಒಂದೇ ಎಂದು ರಾಬರ್ಟ್ ಕಾಟ್ಸ್‌ಮನ್ ಎಂಬ ಅಮೆರಿಕದ ವೈದ್ಯ ೧೯೭೬ರಲ್ಲಿ ವಾದಿಸಿದ ಮೇಲೆ, ವಯೋಧರ್ಮವೆನಿಸಿಕೊಂಡಿದ್ದುದು ರೋಗವೆಂಬ ತಿಳಿವಳಿಕೆ ವ್ಯಾಪಕವಾಯಿತು.

೩

ನಮ್ಮ ದೇಶದಲ್ಲಿ ಕೂಡುಕುಟುಂಬವಿರುವುದರಿಂದ ವೃದ್ಧರ ಆರೈಕೆ ತಾನಾಗಿಯೇ ನಡೆದುಹೋಗುತ್ತದೆಂಬ ನಂಬಿಕೆಯೊಂದುಂಟು. ಈ ನಂಬಿಕೆ ಎಷ್ಟರಮಟ್ಟಿಗೆ ನಿಜ? ಮಾನವಶಾಸ್ತ್ರಜ್ಞ ಲಾರೆನ್ಸ್ ಕೋಹೆನ್ ಕಾಶಿಯಲ್ಲಿ ಅಧ್ಯಯನ ನಡೆಸಿ ೧೯೯೮ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ಮುಖ್ಯ ಸಂಗತಿಯನ್ನು ತೋರಿಸಿದ್ದಾನೆ. ಹಿರಿಯರ ಬುದ್ಧಿ ಕೆಟ್ಟರೆ, ಮಕ್ಕಳು ಸರಿಯಾಗಿ ಸೇವೆ ಮಾಡಲಿಲ್ಲವೆಂದು ನೆರೆಹೊರೆಯವರು ಅರ್ಥಮಾಡುತ್ತಾರೆ. ೨೦೦೧ರಲ್ಲಿ ಗೋವೆಯಿಂದ ಬಂದ ಅಧ್ಯಯನವೊಂದರಲ್ಲಿಯೂ ಇದೇ ಧ್ವನಿ ಕೇಳಿಬಂದಿದೆ. ಅಲ್ಲಿನ ಜನ ಮರೆವನ್ನು ಮುಪ್ಪಿನ ಸಹಜಾಂಗವೆಂದೂ, ಕೆಲವೊಮ್ಮೆ ಮಕ್ಕಳ ಅಲಕ್ಷ್ಯದ ಫಲವೆಂದೂ ಭಾವಿಸಿದ್ದರು. ವೈದ್ಯರ ಬಳಿಗೆ ಇಂಥವರನ್ನು ಕರೆತರುವುದು ಅಪರೂಪವಾಗಿತ್ತು. ಆಸ್ತಿ ತಮಗೆ ಬರುವುದೆಂಬ ನಿರೀಕ್ಷೆಯ ಮೇಲೆ ಮಕ್ಕಳ ಆರೈಕೆ ನಿಂತಿದ್ದ ಸಂದರ್ಭಗಳೂ ಕಂಡುಬಂದವು.

ಇದರ ಪರಿಣಾಮ ಎರಡು ಬಗೆಯದು. ರೋಗವಲ್ಲವೆಂದಮೇಲೆ ಸಹಾಯ ಕೇಳುವುದಕ್ಕೆ ಕಾರಣವಿಲ್ಲ. ಮನೆಯ ದೋಷವೆಂದಮೇಲೆ ಹೊರಗೆ ಹೇಳಿಕೊಳ್ಳುವುದಕ್ಕೆ ಮುಖವಿಲ್ಲ. ಈ ಎರಡರ ನಡುವೆ ಸಿಕ್ಕಿಕೊಂಡವರು ಯಾರು? ಹೆಂಡತಿ, ಮಗಳು, ಬಹುತೇಕ ಮನೆಗಳಲ್ಲಿ ಸೊಸೆ. ಕುಟುಂಬವು ನೋಡಿಕೊಳ್ಳುತ್ತದೆ ಎಂಬ ವಾಕ್ಯದಲ್ಲಿ ಕರ್ತೃಪದ ‘ಕುಟುಂಬ’ವಾದರೂ, ರಾತ್ರಿ ಮೂರು ಸಲ ಎದ್ದು ಬಾಗಿಲು ನೋಡುವವಳು ಒಬ್ಬಳೇ ಆಗಿರುತ್ತಾಳೆ. ಇತ್ತ ಉದ್ಯೋಗಕ್ಕಾಗಿ ಮಕ್ಕಳು ಬೆಂಗಳೂರಿಗೋ ಪರದೇಶಕ್ಕೋ ಹೋದಮೇಲೆ, ಎಪ್ಪತ್ತೈದರ ಗಂಡನನ್ನು ಎಪ್ಪತ್ತರ ಹೆಂಡತಿ ನೋಡಿಕೊಳ್ಳುವ ಮನೆಗಳೂ ನಮ್ಮ ಊರುಗಳಲ್ಲಿವೆ.

೪

ಈ ಭಾರವನ್ನು ಹಗುರಮಾಡಲು ಸಾಧ್ಯವೇ ಎಂಬ ಪ್ರಶ್ನೆಗೆ ನೆರೆಯ ಗೋವೆಯಲ್ಲಿಯೇ ಒಂದು ಉತ್ತರ ದೊರೆತಿದೆ. ಇದಕ್ಕೆ ಹಿನ್ನೆಲೆಯಾಗಿ ಎರಡು ಸಂಗತಿಗಳನ್ನು ನೆನೆಯಬೇಕು. ೧೯೯೨ರಲ್ಲಿ ಕೇರಳದಲ್ಲಿ ಭಾರತದ ಆಲ್ಝೈಮರ್ ಸಂಘ ಸ್ಥಾಪಿತವಾಯಿತು. ೧೯೯೮ರಲ್ಲಿ ಕೊಚ್ಚಿಯಲ್ಲಿ ಕೂಡಿದ ವಿದ್ವಾಂಸರು ‘೧೦/೬೬’ ಎಂಬ ಸಂಶೋಧಕ ಬಳಗವನ್ನು ಕಟ್ಟಿದರು. ಡಿಮೆನ್ಷಿಯಕ್ಕೆ ಒಳಗಾದವರಲ್ಲಿ ನೂರಕ್ಕೆ ೬೬ ಮಂದಿ ಬಡದೇಶಗಳಲ್ಲಿದ್ದರೂ, ಜನಸಮುದಾಯದಲ್ಲಿ ನಡೆದ ಸಂಶೋಧನೆಯಲ್ಲಿ ನೂರಕ್ಕೆ ೧೦ರಷ್ಟು ಕೂಡ ಅಲ್ಲಿ ನಡೆಯುತ್ತಿರಲಿಲ್ಲವೆಂಬುದು ಆ ಹೆಸರಿನ ಅರ್ಥ.

ಗೋವೆಯ ಪ್ರಯೋಗದ ಫಲಿತಾಂಶ ಪ್ರಕಟವಾದುದು ೨೦೦೮ರಲ್ಲಿ. ರೋಗ ತೀರ ಮುಂದುವರಿಯದಿದ್ದ ೮೧ ಕುಟುಂಬಗಳನ್ನು ಆರಿಸಿ, ೪೧ ಕುಟುಂಬಗಳಿಗೆ ಕೂಡಲೇ ನೆರವನ್ನು ಕೊಡಲಾಯಿತು. ಉಳಿದವನ್ನು ಹೋಲಿಕೆಗಾಗಿ ಇಟ್ಟುಕೊಳ್ಳಲಾಯಿತು. ನೆರವು ಕೊಟ್ಟವರು ಹೆಸರಾಂತ ತಜ್ಞರಲ್ಲ. ಕೊಂಕಣಿ ಬಲ್ಲ, ಸಾಮಾನ್ಯ ವಿದ್ಯಾಭ್ಯಾಸದ, ಅಲ್ಪಕಾಲದ ತರಬೇತಿ ಪಡೆದ ಸ್ಥಳೀಯರು. ಅವರ ಬೆನ್ನಿಗೆ ಒಬ್ಬ ಮನೋವೈದ್ಯರು ಇದ್ದರು. ಆರು ತಿಂಗಳ ಕಾಲ ಈ ಸಲಹೆಗಾರರು ಹದಿನೈದು ದಿನಕ್ಕೊಮ್ಮೆಯಾದರೂ ಮನೆಗೆ ಹೋಗಿ, ರೋಗವೆಂದರೇನೆಂದು ತಿಳಿಸಿದರು. ಕೆರಳುವಿಕೆ, ಅಲೆದಾಟ ಮೊದಲಾದುವನ್ನು ಎದುರಿಸುವ ಬಗೆ ಹೇಳಿಕೊಟ್ಟರು. ಅವಶ್ಯಬಿದ್ದಾಗ ವೈದ್ಯರಿಗೆ ತೋರಿಸಿದರು. ಸರ್ಕಾರದ ಸವಲತ್ತುಗಳನ್ನು ಪಡೆಯುವ ದಾರಿ ತೋರಿದರು. ಫಲವಾಗಿ ಆರೈಕೆ ಮಾಡುವವರ ಮನಸ್ಸಿನ ಆರೋಗ್ಯ ಗಮನಾರ್ಹವಾಗಿ ಸುಧಾರಿಸಿತು. ರೋಗಿಯ ನಡವಳಿಕೆಯಿಂದ ಅವರಿಗಾಗುತ್ತಿದ್ದ ಸಂಕಟ ಇಳಿಯಿತು. ರೋಗಿಯ ಕಾರ್ಯಶಕ್ತಿಯಲ್ಲಿ ಮಾತ್ರ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇದರಿಂದ ನಾವು ತಿಳಿಯಬೇಕಾದುದಿಷ್ಟೆ: ರೋಗವನ್ನು ಹಿಂದಿರುಗಿಸಲಾಗದಿದ್ದರೂ, ಅದನ್ನು ಹೊರುವವರನ್ನು ಉಳಿಸಿಕೊಳ್ಳಬಹುದು, ಅದಕ್ಕೆ ಬೇಕಾದುದು ದೊಡ್ಡ ಕಟ್ಟಡವಲ್ಲ, ಬಾಗಿಲಿಗೆ ಬಂದು ವಿಚಾರಿಸುವ ತಿಳಿದ ಮನುಷ್ಯ.

೫

ಇನ್ನು ಮನೆಯೊಳಗೆ ಮಾಡತಕ್ಕದ್ದೇನು? ಅನುಭವಿಗಳು ಒಪ್ಪುವ ಕೆಲವು ಸೂತ್ರಗಳುಂಟು. ಸ್ನಾನ, ಊಟ, ನಿದ್ರೆ ಪ್ರತಿದಿನವೂ ಒಂದೇ ಹೊತ್ತಿಗೆ ನಡೆಯಬೇಕು. ಕನ್ನಡಕ, ಚೊಂಬು, ಪಾದರಕ್ಷೆ ಇದ್ದಲ್ಲಿಯೇ ಇರಬೇಕು. ಮಾತು ಚಿಕ್ಕದಾಗಿರಬೇಕು, ಒಂದು ಸಲಕ್ಕೆ ಒಂದೇ ವಿಷಯ. ಕಾಲವಾಗಿ ಎಷ್ಟೋ ವರ್ಷಗಳಾದ ತಾಯಿಯನ್ನು ನೋಡಬೇಕೆಂದು ಹಿರಿಯರು ಹಟ ಹಿಡಿದಾಗ, ಆಕೆ ಸತ್ತಳೆಂದು ಸಾಧಿಸಿ ತೋರಿಸುವುದರಿಂದ ಪ್ರಯೋಜನವಿಲ್ಲ. ಅವರಿಗೆ ಆ ಸಾವು ಪ್ರತಿಸಲವೂ ಹೊಸದು. ತಾಯಿಯ ವಿಷಯವಾಗಿ ನಾಲ್ಕು ಮಾತು ಕೇಳಿದರೆ ಅವರ ಮನಸ್ಸು ತಿಳಿಯಾಗುವ ಸಂಭವವುಂಟು. ಸಂಜೆಯಾದಂತೆ ಕಳವಳ ಹೆಚ್ಚುವುದರಿಂದ ಮುಸ್ಸಂಜೆಗೆ ಮೊದಲೇ ದೀಪ ಹಚ್ಚುವುದು ಒಳ್ಳೆಯದು. ಮನೆಬಿಟ್ಟು ಹೋಗುವ ಸ್ವಭಾವವಿದ್ದರೆ ಹೆಸರು, ದೂರವಾಣಿಯ ಸಂಖ್ಯೆ ಬರೆದ ಚೀಟಿ ಅಂಗಿಯ ಜೇಬಿನಲ್ಲಿರಬೇಕು. ಬೀದಿಯ ಅಂಗಡಿಯವರಿಗೂ ವಿಷಯ ತಿಳಿದಿರಬೇಕು. ಮುಚ್ಚಿಟ್ಟರೆ ಅಪಾಯವೇ ಹೆಚ್ಚು.

ಇತಿಹಾಸದ ವಿದ್ಯಾರ್ಥಿಗಳಿಗೂ ಇಲ್ಲೊಂದು ಕೆಲಸವಿದೆ. ಹೊಸ ನೆನಪುಗಳು ಮೊದಲು ಅಳಿದು ಹಳೆಯವು ಬಹುಕಾಲ ಉಳಿಯುತ್ತವೆಂಬುದನ್ನು ಫ್ರಾನ್ಸಿನ ತೆಯೊಡ್ಯೂಲ್ ರಿಬೋ ೧೮೮೧ರಷ್ಟು ಹಿಂದೆಯೇ ಪ್ರತಿಪಾದಿಸಿದನು. ಬೆಳಗಿನ ತಿಂಡಿಯನ್ನು ಮರೆತ ಅಜ್ಜಿಗೆ ಬಾಲ್ಯದ ಊರಿನ ಜಾತ್ರೆ, ಬರಗಾಲ, ಮದುವೆಯ ಹಾಡು ನೆನಪಿರುವುದು ಇದರಿಂದಲೇ. ರೋಗದ ಆರಂಭದಲ್ಲಿಯೇ ಮನೆಯ ಮಕ್ಕಳು ಹಿರಿಯರ ಜೀವನವೃತ್ತಾಂತವನ್ನು ಕೇಳಿ, ಹಳೆಯ ಛಾಯಾಚಿತ್ರಗಳೊಡನೆ ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಎರಡು ಪ್ರಯೋಜನಗಳುಂಟು. ಆ ತಲೆಮಾರಿನ ಚರಿತ್ರೆ ನಮಗೆ ಉಳಿಯುತ್ತದೆ; ಮುಂದೆ ಮಾತು ಕುಗ್ಗಿದಾಗ, ಅವರು ಏನನ್ನು ಹುಡುಕುತ್ತಿದ್ದಾರೆಂದು ಊಹಿಸಲು ಅದೇ ಕೈಪಿಡಿಯಾಗುತ್ತದೆ. ಬೆಳಗಿನ ಜಾವ ಎದ್ದು ಹಗ್ಗಕ್ಕಾಗಿ ತಡಕಾಡುವ ವೃದ್ಧರು ಒಂದು ಕಾಲಕ್ಕೆ ಎತ್ತು ಕಟ್ಟಿದವರೆಂದು ತಿಳಿದವರಿಗೆ ಅದು ಹುಚ್ಚಾಗಿ ತೋರುವುದಿಲ್ಲ.

೬

ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಯನ್ನು ಕುರಿತು ೨೦೦೭ರಲ್ಲಿ ಆದ ಕಾಯಿದೆ ಮಕ್ಕಳ ಮೇಲೆ ಅನ್ನ, ಬಟ್ಟೆ, ವಸತಿ, ವೈದ್ಯಕೀಯ ಉಪಚಾರಗಳ ಹೊಣೆಯನ್ನು ಹೊರಿಸಿದೆ. ಹಿರಿಯರನ್ನು ತೊರೆಯುವುದನ್ನು ಅಪರಾಧವಾಗಿ ಮಾಡಿದೆ. ಇದು ಉಚಿತವೇ. ಆದರೆ ತೊರೆಯದೆ ನೋಡಿಕೊಳ್ಳುತ್ತಿರುವವರಿಗೆ ವಾರಕ್ಕೊಂದು ದಿನದ ಬಿಡುವನ್ನಾಗಲಿ, ತರಬೇತಿಯನ್ನಾಗಲಿ ಆ ಕಾಯಿದೆ ಕಲ್ಪಿಸಿಲ್ಲ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಸಂಸ್ಥೆಯಂಥ ಆಶ್ರಯಗಳಿವೆ. ಹಿರಿಯ ನಾಗರಿಕರಿಗಾಗಿ ೧೪೫೬೭ ಎಂಬ ರಾಷ್ಟ್ರೀಯ ಸಹಾಯವಾಣಿಯೂ ಇದೆ. ರಾಜಧಾನಿಯಿಂದ ದೂರದ ಹಳ್ಳಿಯಲ್ಲಿರುವ ಸೊಸೆಗೆ ಗೋವೆಯ ಆ ಸಲಹೆಗಾರರಂಥವರು ಬೇಕು. ಊರೂರುಗಳಲ್ಲಿ ಈಗಾಗಲೇ ಮನೆಮನೆಗೆ ಹೋಗುತ್ತಿರುವ ಆಶಾ ಕಾರ್ಯಕರ್ತೆಯರಿಗೆ, ಅವರ ಕೆಲಸಕ್ಕೆ ತಕ್ಕ ಸಂಭಾವನೆಯೊಡನೆ, ಈ ತಿಳಿವಳಿಕೆಯನ್ನು ಕೊಡುವುದು ಅಸಾಧ್ಯವೇನಲ್ಲ.

ಮನೆಯೇ ಆರೈಕೆಯ ಮೊದಲ ತಾಣವೆಂಬುದರಲ್ಲಿ ಸಂದೇಹವಿಲ್ಲ. ಪರಿಚಿತವಾದ ಗೋಡೆ, ಪರಿಚಿತವಾದ ದನಿಗಳಿಗಿಂತ ಉತ್ತಮವಾದುದು ಮರೆತವರಿಗೆ ಬೇರೆ ಸಿಕ್ಕದು. ಆದರೆ ಮನೆಯ ಆರೈಕೆಯೆಂಬುದು ಪ್ರಕೃತಿಯಿಂದ ತಾನಾಗಿ ಒದಗುವ ವಸ್ತುವಲ್ಲ. ಯಾರೋ ಒಬ್ಬರು ತಮ್ಮ ನಿದ್ರೆಯನ್ನೂ ಆಯುಸ್ಸನ್ನೂ ಸವೆಸಿ ಪ್ರತಿದಿನ ಮಾಡುವ ಕೆಲಸ. ಅದನ್ನು ಕೆಲಸವೆಂದು ಎಣಿಸಿ, ಅದಕ್ಕೆ ಹೆಗಲು ಕೊಡುವುದನ್ನು ಸಮಾಜ ಕಲಿತಾಗ ಮಾತ್ರ, ನಮ್ಮ ಕೌಟುಂಬಿಕ ಪರಂಪರೆಯನ್ನು ಕುರಿತು ನಾವು ಆಡುವ ಹೆಮ್ಮೆಯ ಮಾತಿಗೆ ಅರ್ಥ ಬಂದೀತು.