ಐದು ಬೆರಳಿನ ಅಳತೆ

'ಸೈಂಧವವನ್ನು ತಾ' ಎಂಬ ಮಾತಿಗೆ ಅರ್ಥವೇನೆಂದು ಅಲಂಕಾರಶಾಸ್ತ್ರದ ತರಗತಿಯಲ್ಲಿ ಪ್ರತಿವರ್ಷವೂ ಕೇಳುವುದುಂಟು. ಊಟಕ್ಕೆ ಕುಳಿತವನು ಹೇಳಿದರೆ ಉಪ್ಪು. ಪಯಣಕ್ಕೆ ಹೊರಟವನು ಹೇಳಿದರೆ ಕುದುರೆ. ಎರಡೂ ಸಿಂಧೂದೇಶದವು, ಸಂದರ್ಭ ನೋಡಿ ಅರ್ಥ ಹೇಳಬೇಕು. ಇಷ್ಟು ಬಲ್ಲ ನಾನು, ನನ್ನ ಮನೆಯ ಅಡಿಗೆಮನೆಯಲ್ಲಿಯೇ 'ಉಪ್ಪು' ಎಂಬ ಶಬ್ದಕ್ಕೆ ಎರಡರ್ಥವಿರುವುದನ್ನು ಕಾಣದೆ ಹೋದೆ.

ನಮ್ಮ ಆಯಿ ಕುಮಟೆಯ ಕಡೆಯವಳು. ಅವಳು ಬಲ್ಲ ಉಪ್ಪು ಗೋಕರ್ಣದ ಬಳಿಯ ಸಾಣಿಕಟ್ಟಾದ್ದು. ಅಘನಾಶಿನಿಯ ಅಳಿವೆಯ ಉಪ್ಪುನೀರನ್ನು ಗದ್ದೆಗೆ ಹಾಯಿಸಿ, ಬಿಸಿಲಿಗೆ ಬತ್ತಿಸಿ, ಹರಳುಗಟ್ಟಿದ ಮೇಲೆ ಬಾಚಿ ತೆಗೆದ ಮಾಸಲು ಬಣ್ಣದ ಕಲ್ಲುಪ್ಪು. ಅದರಲ್ಲಿ ಉಳಿದ ಮೆಗ್ನೀಸಿಯಮ್ ಲವಣಗಳು ಗಾಳಿಯ ತೇವವನ್ನು ಹೀರುವುದರಿಂದ ಮಳೆಗಾಲದಲ್ಲಿ ಭರಣಿಯೊಳಗೆ ನೀರೊಸರುತ್ತದೆ. ಎಳೆಯ ಮಾವಿನ ಮಿಡಿಯನ್ನು ಈ ಹರಳುಗಳ ನಡುವೆ ಪದರಪದರವಾಗಿ ಹಾಕಿ, ಅದು ನೀರು ಬಿಟ್ಟು ಸುಕ್ಕುಗಟ್ಟುವವರೆಗೆ ಕಾಯುವುದು ನಮ್ಮ ಕಡೆಯ ಪದ್ಧತಿ.

ಆಯಿ ನಮ್ಮೊಡನೆ ಮೈಸೂರಿನಲ್ಲಿರಲು ಬಂದಾಗ ಮನೆಯಲ್ಲಿದ್ದುದು ನುಣ್ಣನೆಯ ಪುಡಿಯುಪ್ಪು. ಮೊದಲ ವಾರದಲ್ಲಿಯೇ ಅಪ್ಪೆಹುಳಿ ಬಾಯಿಗಿಡಲಾರದಷ್ಟು ಉಪ್ಪಾಯಿತು. ಮರುದಿನ ಸಾರೂ ಹಾಗೆಯೇ. ನೈವೇದ್ಯಕ್ಕೆ ಮುಂಚೆ ರುಚಿ ನೋಡುವ ರೂಢಿ ಅವಳಿಗಿಲ್ಲ. ಐದು ಬೆರಳಲ್ಲಿ ಎತ್ತಿದಷ್ಟೇ ಅಳತೆ. "ನನ್ನ ಕೈ ಕೆಟ್ಟಿತು" ಎಂದು ಒಲೆಯ ಮುಂದಿನಿಂದ ಎದ್ದಳು. ನಾನಾದರೂ ಸುಮ್ಮನಿರಬಾರದೆ? "ವಯಸ್ಸಾಯಿತಲ್ಲ ಆಯಿ, ಇನ್ನು ಆರಾಮಾಗಿ ಇರು" ಎಂದೆ. ಅಂದಿನಿಂದ ನಾಲ್ಕು ತಿಂಗಳು ಅವಳು ಅಡಿಗೆಮನೆಯ ಹೊಸಿಲು ದಾಟಲಿಲ್ಲ.

ಗಂಟು ಬಿಡಿಸಿದವರು ಕಾಲೇಜಿನ ರಸಾಯನಶಾಸ್ತ್ರದ ಮಿತ್ರರು. ಹರಳುಗಳ ನಡುವೆ ಸಂದು ಹೆಚ್ಚು. ಪುಡಿ ಒತ್ತಾಗಿ ಕೂರುತ್ತದೆ. ತೂಕ ಒಂದೇ ಆದರೆ ಎರಡರ ಉಪ್ಪೂ ಹೆಚ್ಚುಕಡಿಮೆ ಒಂದೇ. ಹಿಡಿಯಲ್ಲಿ ಅಳೆದರೆ ಒಂದಲ್ಲ. ಮನೆಗೆ ಬಂದು ತೂಗಿ ನೋಡಿದೆ. ಒಂದೇ ಲೋಟದಲ್ಲಿ ಪುಡಿಯುಪ್ಪು ಸುಮಾರು ಕಾಲುಭಾಗ ಹೆಚ್ಚು ತೂಗಿತು. ಕೆಟ್ಟದ್ದು ಆಯಿಯ ಕೈಯಲ್ಲ.

ಹಾಗೆಂದು ಪುಡಿಯುಪ್ಪನ್ನು ಹಳಿಯಲಾರೆ. ಗಳಗಂಡ ಬಾರದಂತೆ ಅದಕ್ಕೆ ಅಯೋಡಿನ್ ಸೇರಿಸಿರುತ್ತಾರೆ. ಕೋಸಂಬರಿಗೆ ಕಡೆಯಲ್ಲಿ ಬೆರೆಸಲು ಅದೇ ವಾಸಿ, ಕಲ್ಲುಪ್ಪಾದರೆ ಹಲ್ಲಿಗೆ ಸಿಕ್ಕುತ್ತದೆ. ಏಕಾದಶಿಯ ಸೈಂಧವವೂ ಮಜ್ಜಿಗೆಗೆ ಉದುರಿಸುವ ಗಂಧಕದ ವಾಸನೆಯ ಕಪ್ಪುಪ್ಪೂ ತಮ್ಮ ಸ್ಥಾನದಲ್ಲಿ ಸರಿಯೇ.

ಕಳೆದ ಫಾಲ್ಗುಣದಲ್ಲಿ ಊರಿಗೆ ಹೋದವನು ಸಾಣಿಕಟ್ಟಾದ ಉಪ್ಪು ಒಂದು ಚೀಲ ತಂದೆ. ತೂಕದ ವೃತ್ತಾಂತವನ್ನೆಲ್ಲ ಆಯಿಗೆ ವಿವರಿಸಿದೆ; ಅವಳು ಕೇಳಿದಳೋ ಇಲ್ಲವೋ. ನಾಲ್ಕು ಹರಳನ್ನು ಬೆರಳಲ್ಲಿ ಹೊರಳಿಸಿ ನೋಡಿದಳು. ಮರುದಿನದ ಅಪ್ಪೆಹುಳಿ ಅವಳದೇ. ಊಟವಾದ ಮೇಲೆ ಚೀಲವನ್ನು ಎತ್ತಿ ಭಾರ ನೋಡಿ, ನನ್ನ ಹೆಂಡತಿಗೆ ಹೇಳಿದಳು: "ಮಿಡಿ ಹಾಕಲಿಕ್ಕೆ ಇಷ್ಟು ಸಾಲುವುದಿಲ್ಲ. ಇನ್ನೊಂದು ಚೀಲ ತರಲು ಹೇಳು ಅವನಿಗೆ."