ಫೋಟೋದ ಕೆಳಗೆ ಯಾವ ಹೆಸರು ಬರೆಯೋದು? ಅಕ್ಕಲಕೋಟದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಮತ್ತು ಆನ್‌ಲೈನ್ ಮಾರಾಟ

ಗಡಿನಾಡ ಕನ್ನಡ ಅಂದ ಕೂಡಲೇ ಶಾಲೆ, ಶಾಸನ, ಗಡಿ ವಿವಾದ ಇವೇ ಚರ್ಚೆಗೆ ಬರುತ್ತವೆ. ನಾನು ಸಾಹಿತ್ಯದ ವಿದ್ಯಾರ್ಥಿನಿಯಾದರೂ ಇವತ್ತು ಒಂದು ಅಡುಗೆಮನೆಯ ವ್ಯಾಪಾರದ ಬಗ್ಗೆ ಮಾತಾಡ್ತೀನಿ. ಯಾಕಂದ್ರೆ ಅಲ್ಲಿಯೂ ಪ್ರಶ್ನೆ ಭಾಷೆಯದೇ.

ನಮ್ಮೂರು ಸೋಲಾಪುರ ಜಿಲ್ಲೆಯ ಅಕ್ಕಲಕೋಟ ತಾಲ್ಲೂಕಿನಲ್ಲಿದೆ. ಅಲ್ಲಿ ನನ್ನ ಚಿಗವ್ವ ಜೋಳದ ಖಡಕ್ ರೊಟ್ಟಿ ಬಡಿದು, ಶೇಂಗಾ ಹಿಂಡಿ ಕುಟ್ಟಿ ಮಾರ್ತಾರೆ. ಹಿಂದೆ ಗಿರಾಕಿಗಳು ಓಣಿಯವರು, ಸ್ವಾಮಿ ಸಮರ್ಥರ ದರ್ಶನಕ್ಕೆ ಬಂದ ಪರಿಚಯದವರು, ಅಷ್ಟೇ. ಇನ್‌ಸ್ಟಾಗ್ರಾಂನಲ್ಲಿ ಹಾಕೋಣ ಅಂತ ನಾನು ಅಂದಾಗ ಅವರು ಕೇಳಿದ್ದು: "ಫೋಟೋ ನೋಡಿ ಯಾರರ ರೊಟ್ಟಿ ತಗೋತಾರೇನವ್ವಾ?" ಈ ಪ್ರಶ್ನೆಯನ್ನ ಗಂಭೀರವಾಗಿಯೇ ತಗೋಬೇಕು.

ಫೋಟೋ ಹಂಚಿಕೊಳ್ಳುವ ತಾಣಗಳು ಅಂಗಡಿಗಳಾಗಿ ಹುಟ್ಟಿದವಲ್ಲ. 2004ರಲ್ಲಿ ಬಂದ ಫ್ಲಿಕರ್ ಛಾಯಾಚಿತ್ರದ ಆಸಕ್ತರ ಕೂಟವಾಗಿತ್ತು. ಪಿಂಟರೆಸ್ಟ್ ಮತ್ತು ಇನ್‌ಸ್ಟಾಗ್ರಾಂ ಎರಡೂ 2010ರಲ್ಲಿ ಜನರ ಮುಂದೆ ಬಂದವು. ಅಲ್ಲಿ ಜನ ಮೊದಲು ನೋಡೋಕೆ ಬರ್ತಾರೆ, ಕೊಳ್ಳೋದು ಆಮೇಲೆ. ಹಾಗಾಗಿ ದಿನಾ ಬೆಲೆಪಟ್ಟಿ ಹಾಕಿದರೆ ಯಾರೂ ನಿಲ್ಲಲ್ಲ. ರೊಟ್ಟಿ ಬಡಿಯೋ ಕೈ, ಹಂಚಿನ ಮೇಲೆ ಉಬ್ಬೋ ರೊಟ್ಟಿ, ಕುಟ್ಟುವಾಗ ಎಣ್ಣೆ ಬಿಡೋ ಶೇಂಗಾ, ಇವನ್ನ ತೋರಿಸಿದರೆ ನಿಂತು ನೋಡ್ತಾರೆ, ಕೇಳ್ತಾರೆ. ಕೇಳಿದವರಿಗೆ ಅವತ್ತೇ ಉತ್ತರ ಕೊಡಬೇಕು. ಅಂಗಡಿ ಬಾಗಿಲಿಗೆ ಬಂದವರನ್ನ ಮಾತಾಡಿಸದೆ ಕಳಿಸ್ತೀವಾ?

ನಾವು ಮಾಡಿದ ಮೊದಲ ತಪ್ಪು ಫೋಟೋದಲ್ಲೇ ಇತ್ತು. ರೊಟ್ಟಿಯನ್ನ ಒಂದೇ ಇಟ್ಟು ಮೇಲಿಂದ ತೆಗೆದಿದ್ವಿ. ನೋಡಿದವರೊಬ್ಬರು "ಹಪ್ಪಳ ಎಷ್ಟಕ್ಕೆ?" ಅಂತ ಕೇಳಿದ್ರು. ಚಿಗವ್ವಗ ಸಿಟ್ಟು ಬಂತು, ನನಗೆ ನಗು. ಆಮೇಲೆ ರೊಟ್ಟಿ ಹಿಡಿದ ಕೈಯನ್ನೂ ಸೇರಿಸಿ, ಬಾಗಿಲ ಹತ್ತಿರದ ಬೆಳಕಿನಲ್ಲಿ ತೆಗೆದ್ವಿ. ಅಳತೆ ತಾನಾಗಿ ತಿಳೀತು. ಬೇರೆಯವರ ಚಂದದ ಫೋಟೋ ಎತ್ತಿ ಹಾಕಿಕೊಳ್ಳೋದು ಬೇಡವೇ ಬೇಡ. ಫೋಟೋದ ಹಕ್ಕು ತೆಗೆದವರದು, ಮತ್ತೆ ಗಿರಾಕಿ ಕೈಗೆ ಬರೋದು ನಮ್ಮ ರೊಟ್ಟಿ.

ಎರಡನೇ ತಪ್ಪು ಹೆಸರಿನದು. ಇವತ್ತು ನಾನು ಹೇಳಬೇಕಾದ ಮುಖ್ಯ ಮಾತೂ ಅದೇ. ಫೋಟೋ ನಮ್ಮದು, ಆದರೆ ಅದನ್ನ ಹುಡುಕೋರು ಪದ ಟೈಪ್ ಮಾಡ್ತಾರೆ. ಹ್ಯಾಷ್‌ಟ್ಯಾಗ್ ಅಂದ್ರೆ ಒಂದು ಅಕ್ಷರಸಾಲು. ನಡುವೆ ಜಾಗ ಬಿಟ್ರೆ ಅಲ್ಲಿಗೇ ಮುಗೀತು, ಲಿಪಿ ಬದಲಾದರೆ ಅದು ಬೇರೆಯೇ ಟ್ಯಾಗ್. 'ಖಡಕ್' ಬೇರೆ, 'ಕಡಕ್' ಬೇರೆ. ನಾನು ಮೊದಲು ಎಲ್ಲವನ್ನೂ ರೋಮನ್ ಲಿಪಿಯಲ್ಲಿ, ಮರಾಠಿ ಹೆಸರಿನಲ್ಲಿ ಬರೆದೆ: 'ಸೋಲಾಪುರಿ ಕಡಕ್ ಭಾಕರಿ', 'ಶೇಂಗಾ ಚಟಣಿ'. ಮಾರುಕಟ್ಟೆಯಲ್ಲಿ ಓಡೋ ಹೆಸರು ಅದೇ. 'ಸೋಲಾಪುರಿ' ಅನ್ನೋ ಪದಕ್ಕೆ ಬೆಲೆ ಇದೆ. ಭೌಗೋಳಿಕ ಗುರುತು ಪಡೆದ ಅಲ್ಲಿನ ಚಾದರವೇ ಇದಕ್ಕೆ ಸಾಕ್ಷಿ. ಅದನ್ನ ಬಿಡೋದು ಜಾಣತನ ಅಲ್ಲ.

ಆದರೆ ಚಿಗವ್ವ ಆ ಸಾಲು ನನ್ನ ಕೈಲಿ ಓದಿಸಿಕೊಂಡು, "ನಾ ಮಾಡೂದು ಹಿಂಡಿ. ನೀ ಬ್ಯಾರೆ ಏನೋ ಬರದೀಯಲ್ಲ?" ಅಂದ್ರು. ಅವರು ಹೇಳಿದಂತೆ ರೋಮನ್ ಲಿಪಿಯಲ್ಲಿ 'ಹಿಂಡಿ' ಅಂತ ಬರೆದು ನೋಡಿದೆ. ಅಲ್ಲಿ ಡಕಾರ, ದಕಾರ ಎರಡಕ್ಕೂ ಒಂದೇ ಅಕ್ಷರ. ನಮ್ಮ ಹಿಂಡಿ ಹೋಗಿ ಹಿಂದಿ ಭಾಷೆ ಆಯ್ತು! ಆಗ ಕನ್ನಡ ಲಿಪಿಯಲ್ಲಿ ಬರೆಯೋದು ಬರೀ ಅಭಿಮಾನದ ಮಾತಲ್ಲ ಅಂತ ನನಗೆ ಅರ್ಥ ಆಯ್ತು. ವಿಜಯಪುರ, ಕಲಬುರಗಿ ಕಡೆಯ ಮನೆಗಳಲ್ಲೂ ಅದು 'ಶೇಂಗಾ ಹಿಂಡಿ'ಯೇ. ಓದಿಗೋ ಕೆಲಸಕ್ಕೋ ಬೆಂಗಳೂರು, ಪುಣೆ ಸೇರಿದವರು ಮನೆಯ ರುಚಿ ನೆನೆದು ಹುಡುಕುವಾಗ ಆ ಹೆಸರನ್ನೇ ನೆನೀತಾರೆ.

ಈಗ ನಾವು ಬರೆಯೋ ಕ್ರಮ ಹೀಗಿದೆ. ಮೊದಲ ಸಾಲು ಕನ್ನಡದಲ್ಲಿ, ಮನೆಯ ಹೆಸರು: ಜೋಳದ ಖಡಕ್ ರೊಟ್ಟಿ, ಶೇಂಗಾ ಹಿಂಡಿ. ಎರಡನೆಯದು ಮರಾಠಿಯಲ್ಲಿ. ಮೂರನೆಯದು ರೋಮನ್ ಲಿಪಿಯಲ್ಲಿ, 'ಸೋಲಾಪುರಿ' ಸೇರಿಸಿ. ಆಮೇಲೆ ಊರು, ತೂಕ, ಎಷ್ಟು ದಿನ ಇಡಬಹುದು ಅನ್ನೋದು. ಇನ್‌ಸ್ಟಾಗ್ರಾಂ ಬರಹದಲ್ಲಿ ಹಾಕಿದ ಕೊಂಡಿ ಒತ್ತಿದರೆ ತೆರೆಯೋದಿಲ್ಲ, ಹಾಗಾಗಿ ಸಂಪರ್ಕದ ಕೊಂಡಿಯನ್ನ ಖಾತೆಯ ಪರಿಚಯದ ಜಾಗದಲ್ಲಿ ಇಟ್ಟಿದ್ದೇವೆ. ಆಹಾರದ ಪೊಟ್ಟಣ ಅಂದಮೇಲೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆ ಪೊಟ್ಟಣದ ಮೇಲೆ ಇರಲೇಬೇಕು. ಅದು ಫೋಟೋದಲ್ಲಿ ಕಂಡರೆ ಅಪರಿಚಿತರಿಗೂ ನಂಬಿಕೆ ಬರ್ತದೆ.

ಇದರಿಂದ ಚಿಗವ್ವ ಶ್ರೀಮಂತರಾದ್ರು ಅಂತ ನಾನು ಹೇಳ್ತಿಲ್ಲ. ರೊಟ್ಟಿ ದಾರಿಯಲ್ಲಿ ಮುರೀತಾವೆ, ಕೊರಿಯರ್ ಖರ್ಚು ಲಾಭ ತಿಂತದೆ, ಎರಡೇ ಕೈ ದಿನಕ್ಕೆ ಎಷ್ಟು ಬಡಿದಾವು? ಬಂದ ಬೇಡಿಕೆಗೆಲ್ಲ ಹೂಂ ಅನ್ನಬಾರದು ಅಂತಲೂ ಕಲಿತ್ವಿ.

ಆದರೆ ನಮ್ಮ ಗಡಿ ಮನೆಗಳಲ್ಲಿ ಕನ್ನಡ ಒಲೆಯ ಮುಂದೆ ಇರ್ತದೆ, ಅಂಗಡಿಯ ಬೋರ್ಡಿಗೆ ಬರಲ್ಲ. ಮಾಡೋರ ಭಾಷೆ ಒಂದು, ಮಾರೋ ಭಾಷೆ ಇನ್ನೊಂದು ಆದಾಗ ಮೊದಲು ಕಳೆಯೋದು ಇಂಥ ಹೆಸರುಗಳೇ. ಕಾಸರಗೋಡು, ತಾಳವಾಡಿ, ಮಡಕಶಿರಾ ಕಡೆಯ ಗೆಳೆಯರು ಇಲ್ಲಿದ್ದೀರಿ. ನಿಮ್ಮ ಮನೆಯಲ್ಲಿ ಮಾರೋ ವಸ್ತುವಿಗೆ ಮನೆಯ ಹೆಸರೇನು, ಫೋಟೋದ ಕೆಳಗೆ ಬರೆದ ಹೆಸರೇನು, ಒಮ್ಮೆ ನೋಡಿ ಹೇಳಿ. ಚರ್ಚೆಯನ್ನ ಅಲ್ಲಿಂದಲೇ ಶುರು ಮಾಡೋಣ.